ಮಂಚದ ಆ ಬದಿಯಲ್ಲಿ ಅತ್ತೆ

ಮದುವೆಯಾಗಿ ಹತ್ತು ಹನ್ನೆರಡು ವರ್ಷವಾದರೂ ನನ್ನ ಅತ್ತೆ ನನ್ನೆದುರು ನಿಂತು ಮಾತಾಡಿದವರಲ್ಲ. ಬಂಡ್ರಿಯ ಅವರ ಮನೆಗೆ ಹೋದರೆ ಅಡುಗೆಮನೆಯ ಬಾಗಿಲ ಹಿಂದೆ ನಿಂತು ಮಗಳನ್ನು ಕೇಳುತ್ತಿದ್ದರು: "ಅಳಿಯಾರು ಉಂಡ್ರೇನು ಕೇಳವಾ." ನಾನು ಗೋಡೆಗೆ ಹೇಳಿದಂತೆ "ಆತ್ರಿ" ಎನ್ನುತ್ತಿದ್ದೆ. ನಡುವೆ ನನ್ನ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. ನಮ್ಮ ಕಡೆ ಅತ್ತೆ ಅಳಿಯ ಇರುವುದೇ ಹಾಗೆ. ಅದೊಂದು ಮರ್ಯಾದೆ, ಕೋಪವಲ್ಲ.

ನಾನು ಗಣಿ ಕಂಪನಿಯ ಬಸ್ಸು ಓಡಿಸುತ್ತೇನೆ. ಬೆಳಗಿನ ಪಾಳಿಯವರನ್ನು ಸಂಡೂರಿನಲ್ಲಿ ಹತ್ತಿಸಿಕೊಂಡು ಯಶವಂತನಗರದ ಕಡೆ ಬಿಟ್ಟು, ಪಾಳಿ ಮುಗಿಸಿದವರನ್ನು ವಾಪಸ್ ತರುವುದು ನನ್ನ ಕೆಲಸ. ಹೆಂಡತಿ ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದಳು. ನಮಗೆ ಮಕ್ಕಳಿಲ್ಲ. ಅದೊಂದು ಕೊರಗು ಬಿಟ್ಟರೆ ನಮ್ಮದು ಯಾರ ಕಣ್ಣಿಗೂ ಬೀಳದ ಸಂಸಾರ.

ಆ ದಿನ ಬಸ್ಸನ್ನು ಕಂಪನಿಯ ಅಂಗಳದಲ್ಲಿ ನಿಲ್ಲಿಸಿ ಚಹಾ ಕುಡಿಯುತ್ತಿದ್ದಾಗ ಪಕ್ಕದ ಮನೆಯವರ ಫೋನು ಬಂತು. "ಜಲ್ದಿ ಬರ್ರಿ, ನಿಮ್ಮ ಮನಿಯಾಕಿ ಮಷಿನ್ ಮ್ಯಾಲೇ ಒರಗ್ಯಾಳ, ಬಾಯಿ ಸೊಟ್ಟ ಆಗೇತಿ" ಎಂದರು. ನಾನು ಮನೆ ಮುಟ್ಟುವಷ್ಟರಲ್ಲಿ ಅವಳನ್ನು ನೆಲದ ಮೇಲೆ ಮಲಗಿಸಿದ್ದರು. ಕಣ್ಣು ತೆರೆದೇ ಇತ್ತು. ನನ್ನನ್ನು ನೋಡಿ ಏನೋ ಹೇಳಲು ಬಾಯಿ ಆಡಿಸಿದಳು. ಬಲಗೈ ಬೇರೆ ಯಾರದೋ ಎಂಬಂತೆ ಪಕ್ಕದಲ್ಲಿ ಬಿದ್ದಿತ್ತು.

ಸಂಡೂರಿನಿಂದ ಹೊಸಪೇಟೆ, ಹೊಸಪೇಟೆಯಿಂದ ಬಳ್ಳಾರಿ. ಮೆದುಳಿನ ನರ ಕಟ್ಟಿಕೊಂಡಿದೆ ಎಂದರು. ಜೀವ ಉಳಿಯಿತು. ಬಿಡುಗಡೆ ಮಾಡುವ ದಿನ ಡಾಕ್ಟರು ಮಾತ್ರೆಗಳನ್ನೆಲ್ಲ ತಿಳಿಸಿ, "ಇನ್ನು ಮನೆಯಲ್ಲಿ ನೋಡಿಕೊಳ್ಳಿ" ಎಂದರು. ನಾನು ತಲೆಯಾಡಿಸಿದೆ. ಮನೆಯಲ್ಲಿ ನೋಡಿಕೊಳ್ಳುವುದೆಂದರೆ ಏನೆಂದು ಕೇಳಬೇಕೆಂಬುದೂ ನನಗೆ ಗೊತ್ತಿರಲಿಲ್ಲ.

ಮನೆಗೆ ಬಂದ ಮೊದಲ ವಾರ ಹೆಂಗಸರು ಒಬ್ಬೊಬ್ಬರಾಗಿ ಬಂದು, ಹೊಲಿಯಲು ಕೊಟ್ಟ ಬಟ್ಟೆ ವಾಪಸ್ ಕೇಳಿದರು. ಕೇಳುವಾಗ ಅವರಿಗೂ ನಾಚಿಕೆ. ಕತ್ತರಿಸಿಟ್ಟ ತೋಳುಗಳು, ಅಳತೆಯ ರವಿಕೆಗಳು, ಯಾವುದು ಯಾರದೆಂದು ನನಗೆ ತಿಳಿಯದು. ಅವಳ ಮುಂದೆ ಒಂದೊಂದನ್ನೇ ಹಿಡಿದೆ. ಅವಳು ಎಡಗೈ ಎತ್ತಿ ಬಾಗಿಲಲ್ಲಿ ನಿಂತವರನ್ನು ತೋರಿಸುತ್ತಿದ್ದಳು. ಒಂದೂ ತಪ್ಪಲಿಲ್ಲ. ಆಗಲೇ ನನಗೆ ಅರ್ಥವಾದದ್ದು, ಇವಳಿಗೆ ಎಲ್ಲ ತಿಳಿಯುತ್ತದೆ, ಮಾತು ಮಾತ್ರ ಹೋಗಿದೆ ಎಂದು. ಉಳಿದದ್ದು ಒಂದೇ ಪದ: "ಅವ್ವ." ನೀರು ಬೇಕಾದರೂ ಅವ್ವ, ನೋವಾದರೂ ಅವ್ವ. ನನ್ನನ್ನು ಕರೆಯುವುದೂ ಅವ್ವ ಎಂದೇ.

ಆ ವಾರವೇ ಅತ್ತೆ ಬಂಡ್ರಿಯಿಂದ ಬಂದರು. ಒಂದು ಚೀಲದಲ್ಲಿ ಜೋಳದ ಹಿಟ್ಟು, ಇನ್ನೊಂದರಲ್ಲಿ ಎರಡು ಕೌದಿ. ಬಂದವರು ಎಂದಿನಂತೆ ಅಡುಗೆಮನೆ ಸೇರಿದರು. ಸ್ವಲ್ಪ ಹೊತ್ತಿಗೆ ನಾನು ಹೆಂಡತಿಯನ್ನು ಮೇಲಕ್ಕೆ ಸರಿಸಲು ಕಂಕುಳಿಗೆ ಕೈಹಾಕಿ ಎಳೆದೆ. ಅವಳು ಜಾರಿ ಮಂಚದ ಅಂಚಿಗೆ ಬಂದಳು, ಕೂಗಿದಳು. ಅತ್ತೆ ಹೊರಗೆ ಬಂದರು. ತಲೆಯ ಮೇಲಿನ ಸೆರಗು ತೆಗೆದು ಸೊಂಟಕ್ಕೆ ಸಿಕ್ಕಿಸಿದರು.

"ಅಳಿಯಾರ, ಹಂಗ ಎಳೀಬ್ಯಾಡ್ರಿ. ಕೆಳಗಿನ ಚಾದರ ಹಿಡೀರಿ. ನಾ ಈ ಕಡೆ ಹಿಡೀತೀನಿ."

ನಾವಿಬ್ಬರೂ ಚಾದರದ ಎರಡು ಬದಿ ಹಿಡಿದು ಎತ್ತಿದೆವು. ಅವಳು ಹಗುರಾಗಿ ಮೇಲೆ ಸರಿದಳು. ಅತ್ತೆ ನನ್ನ ಮುಖ ನೋಡಿ ಆಡಿದ ಮೊದಲ ಮಾತು ಅದು.

ಅಲ್ಲಿಂದ ನಮ್ಮ ದಿನಗಳು ಆ ಮಂಚದ ಸುತ್ತಲೇ ನಡೆದವು. ಪಾಳಿಯಿಂದ ಬಂದರೆ ಮೈಮೇಲೆಲ್ಲ ಅದಿರಿನ ಕೆಂಪು ಧೂಳು. ಸ್ನಾನ ಮಾಡದೆ ನಾನು ಅವಳನ್ನು ಮುಟ್ಟುವಂತಿರಲಿಲ್ಲ. ಅಷ್ಟರಲ್ಲಿ ಅತ್ತೆ ಗಂಜಿ ಆರಿಸಿ ಇಟ್ಟಿರುತ್ತಿದ್ದರು. ಅವಳ ತಿಂಗಳ ದಿನಗಳನ್ನೂ ಮೊದಮೊದಲು ಅತ್ತೆಯೇ ನೋಡಿದರು. ಒಮ್ಮೆ ಅವರು ಕೊಯ್ಲಿಗೆಂದು ಬಂಡ್ರಿಗೆ ಹೋದಾಗ ಆ ಕೆಲಸ ನನಗೆ ಬಂತು. ಮಾಡಿದೆ. ಅವಳು ಮುಖ ಗೋಡೆಗೆ ತಿರುಗಿಸಿ ಅತ್ತಳು. "ನೀ ನನಗ ಜ್ವರ ಬಂದಾಗ ಮಾಡಿಲ್ಲೇನು" ಎಂದೆ. ಅಳು ನಿಲ್ಲಲಿಲ್ಲ.

ನಮಗೆ ಗೊತ್ತಿಲ್ಲದ್ದೂ ಬಹಳ ಇತ್ತು. ಒಂದೇ ಮಗ್ಗುಲಲ್ಲಿ ಮಲಗಿಸಿ ಮಲಗಿಸಿ ಸೊಂಟದ ಕೆಳಗೆ ಹುಣ್ಣಾಯಿತು. ಮೊದಲು ಕೆಂಪಾಗಿದ್ದದ್ದು ಆಮೇಲೆ ಕುಳಿಯಾಯಿತು. ಅರಿಸಿನ ಹಚ್ಚಿದೆವು. ವಾಸನೆ ಬರತೊಡಗಿದಾಗ ಹೆದರಿ ಸರ್ಕಾರಿ ಆಸ್ಪತ್ರೆಗೆ ಹೋಗಿ ಕೇಳಿದೆ. ಹಾಸಿಗೆ ಹಿಡಿದವರ ಮನೆಗಳಿಗೇ ಹೋಗಿ ನೋಡುವ ಒಬ್ಬ ಸಿಸ್ಟರ್ ಇದ್ದಾರೆಂದು ಆಗ ತಿಳಿಯಿತು. ಅವರು ಮರುದಿನವೇ ಬಂದರು. ಗಾಯ ತೊಳೆದರು. ನಮ್ಮಿಬ್ಬರನ್ನೂ ಪಕ್ಕ ನಿಲ್ಲಿಸಿಕೊಂಡು ಕಲಿಸಿದರು: ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು, ಮೊಣಕಾಲ ನಡುವೆ ದಿಂಬು ಇಡಬೇಕು, ಕೂರಿಸಿಯೇ ಉಣ್ಣಿಸಬೇಕು. ನುಂಗುವಾಗ ಗದ್ದ ಕೆಳಗಿರಬೇಕು, ಇಲ್ಲದಿದ್ದರೆ ಅನ್ನ ಶ್ವಾಸನಾಳಕ್ಕೆ ಹೋಗುತ್ತದೆ. ಹೊರಡುವಾಗ ಬಾಗಿಲಲ್ಲಿ ನಿಂತು ನನ್ನನ್ನು ನೋಡಿದರು.

"ಅಣ್ಣಾರ, ನೀವು ಉಂಡ್ರಾ ಇವತ್ತು?"

ಅಷ್ಟು ದಿನ ಬಂದವರೆಲ್ಲ ಅವಳು ಹೇಗಿದ್ದಾಳೆಂದು ಕೇಳಿದ್ದರು. ಉಂಡಿದ್ದೆನೋ ಇಲ್ಲವೋ ನಿಜಕ್ಕೂ ನೆನಪಿರಲಿಲ್ಲ.

ಹೊಸಪೇಟೆಯಲ್ಲಿ ತಿಂಗಳಿಗೊಮ್ಮೆ ಹೀಗೆ ಮನೆಯವರನ್ನು ನೋಡಿಕೊಳ್ಳುವವರೆಲ್ಲ ಸೇರುತ್ತಾರೆಂದು ಹೇಳಿದವರೂ ಅವರೇ. "ನಾ ಹೋಗಿ ಏನ್ ಮಾಡ್ಲಿ" ಎಂದೆ. ಅತ್ತೆ ಒಳಗಿನಿಂದ, "ಹೋಗಿ ಬರ್ರಿ, ನಾ ಅದೀನಲ್ಲ" ಎಂದರು. ಹೋದೆ. ಆಸ್ಪತ್ರೆಯ ಹಿಂದಿನ ಒಂದು ಕೋಣೆ, ಪ್ಲಾಸ್ಟಿಕ್ ಕುರ್ಚಿಗಳು, ಎಲ್ಲ ಹೆಂಗಸರೇ. ನಾನು ಹೊಕ್ಕ ಕೂಡಲೇ ಮಾತು ನಿಂತಿತು. ಯಾರೋ ರೋಗಿಯನ್ನು ಬಿಡಲು ಬಂದ ಡ್ರೈವರ್ ಎಂದುಕೊಂಡರಂತೆ. ಹೆಂಡತಿಯನ್ನು ನೋಡಿಕೊಳ್ಳುತ್ತೇನೆಂದು ಹೇಳಲು ಹೋದವನು ಅರ್ಧಕ್ಕೇ ಬಿಕ್ಕಿದೆ. ಕಂಪ್ಲಿಯಿಂದ ಬಂದ ಒಬ್ಬಾಕೆ ಕುರ್ಚಿ ಎಳೆದುಕೊಂಡು ಪಕ್ಕ ಕುಳಿತರು. ಅವರ ಮಗ ಹುಟ್ಟಿನಿಂದ ನಡೆದವನಲ್ಲ. ಈಗ ಮೀಸೆ ಬಂದ ಆಳು, ಇಂದಿಗೂ ಅವನನ್ನು ಬೆನ್ನಮೇಲೆ ಹೊತ್ತೇ ಬಚ್ಚಲಿಗೆ ಒಯ್ಯುತ್ತಾರೆ.

"ಅಳ್ರಿ ಅಣ್ಣ," ಎಂದರು ಆಕೆ. "ನಾವೂ ಇಲ್ಲಿಗೆ ಅಳಾಕೇ ಬರೋದು. ಮನ್ಯಾಗ ಅತ್ರ ಹಾಸಿಗಿ ಮ್ಯಾಲಿನವ್ರು ನೋಡ್ತಾರಲ್ಲ."

ಆ ಕೋಣೆಯಿಂದ ನಮಗೆ ಸಿಕ್ಕದ್ದು ಬಹಳ. ಯಾರದೋ ತಾಯಿ ತೀರಿಹೋಗಿ ಸುಮ್ಮನೆ ಬಿದ್ದಿದ್ದ ಗಾಲಿಕುರ್ಚಿ ನಮ್ಮ ಮನೆಗೆ ಬಂತು. ಅಂಗವಿಕಲರ ಕಾರ್ಡು ಎಲ್ಲಿ ಮಾಡಿಸಬೇಕು, ಅವಳನ್ನು ಹೊತ್ತುಕೊಂಡು ಹೋಗುವ ಮೊದಲು ಕಾರ್ಡಿಗೆ ಸಹಿ ಹಾಕುವ ಡಾಕ್ಟರು ಇದ್ದಾರೋ ಇಲ್ಲವೋ ಯಾರನ್ನು ಕೇಳಬೇಕು, ಕೈ ಬಿಗಿಯದಂತೆ ಬೆರಳುಗಳನ್ನು ಹೇಗೆ ಬಿಡಿಸಬೇಕು, ಎಲ್ಲ ಅವರೇ ಹೇಳಿಕೊಟ್ಟರು. ನನ್ನ ಜೊತೆಯ ಇನ್ನೊಬ್ಬ ಡ್ರೈವರು ತಾನು ರಾತ್ರಿ ಪಾಳಿ ತೆಗೆದುಕೊಂಡು ಬೆಳಗಿನದನ್ನು ನನಗೇ ಬಿಟ್ಟ. ಹುಣ್ಣು ನಿಧಾನಕ್ಕೆ ಮಾಯಿತು. ಆದರೆ ಪ್ರತಿಯೊಂದರ ಬುಡದಲ್ಲೂ ಅತ್ತೆಯ ಎರಡು ಕೈಗಳಿದ್ದವು. ಅವರಿಲ್ಲದಿದ್ದರೆ ನಾನು ಹೊಸಪೇಟೆಯ ಬಸ್ಸು ಹತ್ತುವುದೂ ಆಗುತ್ತಿರಲಿಲ್ಲ.

ಹೀಗೇ ವರ್ಷಗಳು ಹೋದವು. ಒಂದು ಮಧ್ಯಾಹ್ನ ಅತ್ತೆ ಬೆಳ್ಳುಳ್ಳಿ ಸುಲಿಯುತ್ತ ಕುಳಿತಿದ್ದರು. ನಾನು ಉಣ್ಣುತ್ತಿದ್ದೆ. ತಲೆ ಎತ್ತದೆ ಅಂದರು:

"ಅಳಿಯಾರ, ಒಂದ್ ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಿಮಗಿನ್ನೂ ವಯಸ್ಸೈತಿ. ಇನ್ನೊಂದ್ ಮದುವಿ ಮಾಡ್ಕಳ್ರಿ. ನನ್ ಮಗಳ್ನ ನಾ ಬಂಡ್ರಿಗೆ ಕರ್ಕಂಡ್ ಹೋಗ್ತೀನಿ. ನಿಮ್ ಮ್ಯಾಲೆ ಯಾರೂ ಒಂದ್ ಮಾತ್ ಅನ್ನದಂಗ ನೋಡ್ಕಂತೀನಿ."

ತುತ್ತನ್ನು ತಟ್ಟೆಗೇ ಇಳಿಸಿದೆ. "ಅತ್ತಿ, ಆಕಿಗೆ ಕೇಳಸ್ತೈತಿ" ಎಂದೆ.

ಇಬ್ಬರೂ ಮಂಚದ ಕಡೆ ತಿರುಗಿದೆವು. ಅವಳು ನಮ್ಮನ್ನೇ ನೋಡುತ್ತಿದ್ದಳು. ಕಣ್ಣೀರು ಕಿವಿಯವರೆಗೆ ಹರಿದಿತ್ತು. ಬೇಡ ಎಂದು ತಲೆಯಾಡಿಸಲಿಲ್ಲ. ಎಡಗೈಯನ್ನು ಮೆಲ್ಲಗೆ ಎತ್ತಿ ನನ್ನ ಕಡೆ, ಆಮೇಲೆ ಬಾಗಿಲ ಕಡೆ ತೋರಿಸಿದಳು. ಹೋಗು ಎಂದು. ತಾಯಿ ಹೇಳಿದ್ದು ಸರಿ ಎಂದು. ನಾನು ತಟ್ಟೆಯನ್ನು ಅಲ್ಲೇ ಬಿಟ್ಟು ಹೋಗಿ ಆ ಕೈ ಹಿಡಿದು ಕೆಳಗಿಳಿಸಿದೆ. ಅತ್ತೆ ಬಂದು ಮಗಳ ಕಾಲಬಳಿ ಕುಳಿತು ಸೆರಗಲ್ಲಿ ಮುಖ ಮುಚ್ಚಿಕೊಂಡರು. ಆ ಮಾತು ನಮ್ಮ ಮನೆಯಲ್ಲಿ ಮತ್ತೆ ಬರಲಿಲ್ಲ.

ಹೋದ ವರ್ಷ ಚಳಿಗಾಲದ ಕೊನೆಗೆ ಹೊಸಪೇಟೆಯ ನಮ್ಮ ಗುಂಪಿನವರು ಟೆಂಪೋ ಮಾಡಿ, ಹಾಸಿಗೆ ಹಿಡಿದವರನ್ನೂ ಅವರ ಮನೆಯವರನ್ನೂ ಒಂದು ದಿನದ ಮಟ್ಟಿಗೆ ಹಂಪಿಗೆ ಕರೆದುಕೊಂಡು ಹೋದರು. ಅತ್ತೆಗೆ ಬಹಳ ಖುಷಿ. ಹುಡುಗಿಯಾಗಿದ್ದಾಗ ನೋಡಿದ್ದಂತೆ, ಆಮೇಲೆ ಅತ್ತ ಹೋಗುವ ಬಿಡುವೇ ಸಿಕ್ಕಿರಲಿಲ್ಲ. ಕಲ್ಲುಹಾಸಿನ ಮೇಲೆ ಗಾಲಿಕುರ್ಚಿ ಹೋಗಲೊಲ್ಲದು. ದಾರಿಯಲ್ಲಿ ಸಿಕ್ಕವರೇ ನಾಲ್ಕು ಮಂದಿ ಕುರ್ಚಿಸಮೇತ ಅವಳನ್ನು ಎತ್ತಿ ಹೊಳೆಯ ಹತ್ತಿರದ ನೆರಳಿಗೆ ಇಳಿಸಿಕೊಟ್ಟರು. ಕಂಪ್ಲಿಯಾಕೆಯ ಕೈಯಿಂದ ಮಂಗವೊಂದು ಬಾಳೆಹಣ್ಣು ಕಿತ್ತುಕೊಂಡು ಓಡಿತು. ಆಕೆ "ಏ ಲೇ, ನನ್ ಮಗಂದು ಅದು!" ಎಂದು ಕಲ್ಲಿನಿಂದ ಕಲ್ಲಿಗೆ ಅದರ ಹಿಂದೆ ಓಡಿದರು. ನನ್ನ ಹೆಂಡತಿ ನಕ್ಕಳು. ಹೊಟ್ಟೆ ಅಲುಗುವ ಹಾಗೆ, ಸೊಟ್ಟ ಬಾಯಿಯಲ್ಲೇ ನಕ್ಕಳು. ಅವಳು ಬಿದ್ದ ಮೇಲೆ ಆ ನಗು ನಾನು ಕೇಳಿರಲಿಲ್ಲ. ಅತ್ತೆ ಹೊಳೆಯ ನೀರು ಬೊಗಸೆಯಲ್ಲಿ ತಂದು ಮಗಳ ಪಾದದ ಮೇಲೆ ಬಿಟ್ಟರು. ವಾಪಸ್ ಏರು ಹತ್ತುವಾಗ ಅವರು ಎಡಗಂಕುಳನ್ನು ಒತ್ತಿ ಹಿಡಿದು ನಿಂತದ್ದು ಕಂಡೆ. ದಣಿದಿದ್ದಾರೆ ಎಂದುಕೊಂಡೆ.

ಅದಾಗಿ ಕೆಲವು ವಾರಕ್ಕೆ ಸಿಸ್ಟರ್ ಬಂದಾಗ ನಾವಿಬ್ಬರೂ ಅವಳನ್ನು ಎತ್ತಿ ಕೂರಿಸುತ್ತಿದ್ದೆವು. ಅತ್ತೆ ತುಟಿ ಕಚ್ಚಿಕೊಂಡದ್ದನ್ನು ಸಿಸ್ಟರ್ ನೋಡಿದರು.

"ಯವ್ವಾ, ಆ ಕೈ ಮ್ಯಾಲೆ ಎತ್ತು ನೋಡೋಣು."

"ಏನಿಲ್ಲ ಬಿಡವ್ವ. ವಯಸ್ಸಾತಲ್ಲ."

ಸಿಸ್ಟರ್ ಬಿಡಲಿಲ್ಲ. ಅತ್ತೆಯನ್ನು ಅಡುಗೆಮನೆಗೆ ಕರೆದೊಯ್ದು ಬಾಗಿಲು ಹಾಕಿಕೊಂಡರು. ಹೊರಗೆ ಬಂದಾಗ ಸಿಸ್ಟರ್ ಮುಖ ಬಿಳಿಚಿತ್ತು. ಎದೆಯಲ್ಲಿ ಗಂಟು. ಒಡೆದು ಗಾಯವಾಗಿತ್ತು. ಅತ್ತೆ ಅದಕ್ಕೆ ಹಳೆಯ ಸೀರೆಯ ಬಟ್ಟೆ ಮಡಿಸಿಟ್ಟು ಮೇಲೆ ರವಿಕೆ ತೊಟ್ಟು ತಿರುಗುತ್ತಿದ್ದರು.

"ಯಾವಾಗ ಕಂಡಿತ್ತು ಯವ್ವಾ ಇದು?" ಸಿಸ್ಟರ್ ಕೇಳಿದರು.

"ಹೋದ ಮಳಿಗಾಲಕ್ಕಿಂತ ಮುಂಚೆ. ಆಗ ಸಣ್ಣದಿತ್ತು."

ನನಗೆ ತಡೆಯಲಾಗಲಿಲ್ಲ. "ಯಾಕ ಹೇಳಲಿಲ್ಲ ಅತ್ತಿ? ನಾ ಸತ್ತಿದ್ನೇನು?"

ಅತ್ತೆ ನನ್ನ ಮೇಲೆ ಸಿಟ್ಟಾಗಲಿಲ್ಲ. ಮಗುವಿಗೆ ಹೇಳುವಂತೆ ಹೇಳಿದರು. "ಹೇಳಿದ್ರ ಬಳ್ಳಾರಿಗೆ ಕರ್ಕಂಡ್ ಹೋಗ್ತಿದ್ರಿ. ಅಲ್ಲಿ ಮಲಗಸ್ತಿದ್ರು. ಇಲ್ಲಿ ಇಕಿ ಚಾದರ ಆ ಕಡೆ ಯಾರ್ ಹಿಡೀಬೇಕಿತ್ತು?"

ಅವಳನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಬಳ್ಳಾರಿಗೆ ಹೋದೆವು. ಡಾಕ್ಟರು ನನ್ನನ್ನು ಮಾತ್ರ ಒಳಗೆ ಕರೆದು, ಮೊದಲೇ ಬಂದಿದ್ದರೆ ಮಾಡಬಹುದಾದದ್ದು ಬಹಳವಿತ್ತು, ಈಗ ನೋವು ಕಡಿಮೆ ಮಾಡುವುದಷ್ಟೇ ಉಳಿದಿದೆ ಎಂದರು. ಹೊರಗೆ ಬೆಂಚಿನ ಮೇಲೆ ಅತ್ತೆ ಕುಳಿತಿದ್ದರು. ನಾನು ಬಾಯಿ ಬಿಡುವ ಮೊದಲೇ, "ಬಸ್ಸಿಗೆ ಹೊತ್ತಾತು, ಅಲ್ಲಿ ಆಕಿ ಹಾದಿ ನೋಡ್ತಿರ್ತಾಳ" ಎಂದು ಎದ್ದರು.

ಸ್ವಲ್ಪ ಕಾಲ ನಮ್ಮ ಮನೆಯಲ್ಲಿ ಎರಡು ಹಾಸಿಗೆಗಳಾದವು. ಅತ್ತೆಗೆ ನಾನು ನೀರು ಕೊಟ್ಟರೂ ಸಂಕೋಚ. ಕಾಲು ಬಾತಿದ್ದವು, ಒತ್ತಲು ಹೋದರೆ ಎಳೆದುಕೊಳ್ಳುತ್ತಿದ್ದರು. "ಅಳಿಯಾರ ಕೈಲಿ ಕಾಲ್ ಮುಟ್ಟಿಸ್ಕಂಡು ನಾ ಯಾವ ನರಕಕ್ಕ ಹೋಗ್ಲಿ" ಎನ್ನುತ್ತಿದ್ದರು. ಸಿಸ್ಟರ್ ಗಾಯ ಕಟ್ಟಲು ಬಂದ ದಿನ ಇಬ್ಬರನ್ನೂ ನೋಡಿ ಹೋಗುತ್ತಿದ್ದರು. ಕಂಪ್ಲಿಯಾಕೆ ಮಗನನ್ನು ನಾದಿನಿಯ ಹತ್ತಿರ ಬಿಟ್ಟು, ವಾರದಲ್ಲಿ ಒಂದು ದಿನ ಬಂದು ಅತ್ತೆಗೆ ನೀರು ಎರೆಯುತ್ತಿದ್ದರು. ಯಾರೂ ಅವರನ್ನು ಕೇಳಿರಲಿಲ್ಲ.

ಆಮೇಲೆ ಬಂಡ್ರಿಯಿಂದ ಹೆಂಡತಿಯ ಅಣ್ಣ ಬಂದ. ಗಣಿಯಲ್ಲಿ ಕೂಲಿ ಮಾಡುವವನು, ಒಳ್ಳೆಯವನು. ಹೊಸ್ತಿಲಲ್ಲೇ ನಿಂತು ಹೇಳಿದ: "ಮಾವ, ಅವ್ವನ್ ಜೀವ ಮಗಳ ಮನ್ಯಾಗ ಹೋದ್ರ ನಾಕ್ ಮಂದ್ಯಾಗ ನಾ ಹೆಂಗ ತಲಿ ಎತ್ಲಿ? ಕಳಿಸಿಕೊಡ್ರಿ." ನನಗೆ ಕಳಿಸಲು ಮನಸ್ಸಿರಲಿಲ್ಲ. ಆದರೆ ಅತ್ತೆಯೂ ಹೋಗುತ್ತೇನೆ ಎಂದರು. ಜೀಪು ಬಂದಾಗ ಮಂಚದ ಬಳಿ ನಿಂತು ಮಗಳ ಹೊದಿಕೆ ಸರಿಮಾಡಿದರು, ಮೊಣಕಾಲ ನಡುವಿನ ದಿಂಬು ಒತ್ತಿ ನೋಡಿದರು. ಮುಖ ನೋಡಲಿಲ್ಲ. ನೋಡಿದ್ದರೆ ಹೋಗಲು ಆಗುತ್ತಿರಲಿಲ್ಲವೇನೋ.

ಹತ್ತು ಹದಿನೈದು ದಿನ ಕಳೆದ ಮೇಲೆ ಅವನೇ ಫೋನು ಮಾಡಿದ: "ಅವ್ವ ಇರಾಗ್ಲೇ ತಂಗೀನ ಕರ್ಕಂಡ್ ಬರ್ರಿ." ಹೆಂಡತಿಯನ್ನು ಆಟೋದಲ್ಲಿ ದಿಂಬು ಕಟ್ಟಿ ಕೂರಿಸಿಕೊಂಡು ಬಂಡ್ರಿಗೆ ಹೋದೆ. ಪಡಸಾಲೆಯಲ್ಲಿ ಕೌದಿಯ ಮೇಲೆ ಅತ್ತೆ ಮಲಗಿದ್ದರು, ಸೊರಗಿ ಇಷ್ಟೇ ಇಷ್ಟಾಗಿದ್ದರು. ಆಟೋದಿಂದ ಅವಳನ್ನು ಎತ್ತಿ ತಂದು ಪಕ್ಕದಲ್ಲೇ ಮಲಗಿಸಿದೆವು. ಅವಳು ಎಡಗೈಯನ್ನು ತಾಯಿಯ ಕೆನ್ನೆಯ ಮೇಲಿಟ್ಟಳು.

"ಅವ್ವ," ಎಂದಳು.

"ಬಂದ್ಯಾ ನನ್ನವ್ವಾ," ಎಂದರು ಅತ್ತೆ.

ಇಬ್ಬರನ್ನೇ ಬಿಟ್ಟು ಮನೆಯವರೆಲ್ಲ ಹೊರಗೆ ಹೋದೆವು. ಹೊರಡುವ ಹೊತ್ತಿಗೆ ಅತ್ತೆ ನನ್ನನ್ನು ಹತ್ತಿರ ಕರೆದರು. ದನಿ ಉಸಿರಿನಷ್ಟೇ ಇತ್ತು.

"ಬಲಗಡಿ ದವಡ್ಯಾಗ ಅನ್ನ ಉಳೀತೈತಿ ಆಕಿಗೆ. ಉಂಡ ಮ್ಯಾಲೆ ಬೆರಳ್ ಹಾಕಿ ತಗೀರಿ. ಹೊಸಬ್ರು ಯಾರಾರ ಬಂದ್ರ ಅವ್ರಿಗೂ ಹೇಳ್ರಿ." ಮತ್ತೆ ಅಂದರು: "ನಿಮಗ ಏನಾರ ಬ್ಯಾನಿ ಬಂದ್ರ ನನ್ನಂಗ ಮುಚ್ಚಿಟಗಬ್ಯಾಡ್ರಿ ಅಳಿಯಾರ."

ಮೂರನೆಯ ದಿನ ಹೋದರು. ಮಣ್ಣಿಗೆ ನಾನು ಹೋಗಿದ್ದೆ. ಅವಳನ್ನೂ ಒಯ್ದಿದ್ದೆ. ಕೆಲವರು ಬೇಡವೆಂದರು, ಅವಳಿಗೇನು ತಿಳಿಯುತ್ತದೆ ಎಂದರು. ಅವಳು ತಾಯಿಯ ಮುಖ ನೋಡಿದಳು, ಅಳಲಿಲ್ಲ. ಮನೆಗೆ ಬಂದ ಮೇಲೆ ಶುರುವಾಯಿತು. ಅವ್ವ, ಅವ್ವ, ಅವ್ವ. ನೀರು ತಂದರೆ ಬಾಯಿ ಮುಚ್ಚುತ್ತಿದ್ದಳು. ಮಗ್ಗುಲು ಬದಲಿಸಿದೆ, ಫ್ಯಾನು ಹಾಕಿದೆ, ಆರಿಸಿದೆ. ಅದಕ್ಕೂ ಅವ್ವ. ಮೊದಲು ಆ ಪದದಲ್ಲಿ ಯಾವಾಗ ನೀರಿದೆ, ಯಾವಾಗ ನೋವಿದೆ ಎಂದು ದನಿಯಲ್ಲೇ ಹಿಡಿಯುತ್ತಿದ್ದೆ. ಈಗ ಎಲ್ಲ ದನಿಯೂ ಒಂದೇ ಆಗಿತ್ತು. ಬಾಯಾರಿಕೆಯೋ, ತಾಯಿ ಬೇಕೋ ತಿಳಿಯದೆ ಲೋಟ ಹಿಡಿದುಕೊಂಡು ಅವಳ ಮುಂದೆ ನಿಲ್ಲುತ್ತಿದ್ದೆ. ಕೆಲವು ವಾರ ಅವಳು ಸರಿಯಾಗಿ ಉಣ್ಣಲೇ ಇಲ್ಲ. ಸಿಸ್ಟರ್ ಬಂದು, "ಒತ್ತಾಯ ಮಾಡಬ್ಯಾಡ್ರಿ, ದುಃಖ ಐತಿ, ನಮ್ಮಂಗ ಆಕಿಗೂ ಐತಿ" ಎಂದರು. ಚಮಚ ಚಮಚವಾಗಿ, ಬಹಳ ನಿಧಾನಕ್ಕೆ ಮತ್ತೆ ಗಂಜಿ ಕುಡಿದಳು.

ನನ್ನ ಪಾಳಿಯ ಹೊತ್ತಿಗೆ ಈಗ ಓಣಿಯ ಒಬ್ಬ ವಿಧವೆ ಬಂದು ಕೂರುತ್ತಾರೆ. ಗುಂಪಿನವರೇ ಅವರಿಗೆ ಎಲ್ಲ ಕಲಿಸಿಕೊಟ್ಟರು. ಒಳ್ಳೆಯ ಕೈ ಅವರದು. ಆದರೂ ಚಾದರ ಎತ್ತುವಾಗ ನಾವು "ಹೂಂ, ಎತ್ರಿ" ಎಂದು ಹೇಳಿಕೊಳ್ಳಬೇಕು. ಅತ್ತೆಗೂ ನನಗೂ ಯಾವತ್ತೂ ಹಾಗೆ ಹೇಳಿಕೊಳ್ಳುವ ಅಗತ್ಯ ಬಿದ್ದಿರಲಿಲ್ಲ.

ಹೋದ ತಿಂಗಳು ನನಗೆ ತಲೆ ಸುತ್ತಿ ಬಸ್ಸನ್ನು ರಸ್ತೆ ಬದಿಗೆ ನಿಲ್ಲಿಸಬೇಕಾಯಿತು. ಬಸ್ಸಿನ ತುಂಬ ಕೆಲಸಗಾರರಿದ್ದರು. ಸಿಸ್ಟರ್‌ಗೆ ನಾನೇ ಫೋನು ಮಾಡಿ ಹೇಳಿದೆ. ಹೊಸಪೇಟೆಗೆ ಹೋಗಿ ತೋರಿಸಿಕೊಳ್ಳಬೇಕೆಂದರು. ಇಡೀ ದಿನದ ಕೆಲಸ. ಕಂಪ್ಲಿಯಾಕೆ ಸುದ್ದಿ ತಿಳಿದು ಬೆಳಗಿನ ಬಸ್ಸಿಗೇ ಬಂದು, ಅಡುಗೆಮನೆ ಹೊಕ್ಕು ನನ್ನನ್ನು ಹೊರಗೆ ಅಟ್ಟಿದರು. ಪರೀಕ್ಷೆಗೆ ರಕ್ತ ಕೊಟ್ಟು, ಸಾಲಿನಲ್ಲಿ ನಿಂತು, ರಕ್ತದೊತ್ತಡದ ಮಾತ್ರೆ ತೆಗೆದುಕೊಂಡು ವಾಪಸ್ ಬರುವಷ್ಟರಲ್ಲಿ ಸಂಜೆಯಾಗಿತ್ತು. ಅವಳನ್ನು ಉಣ್ಣಿಸಿ, ತಲೆ ಬಾಚಿ, ಬಾಗಿಲ ಬಳಿ ಗಾಳಿಗೆ ಕೂರಿಸಿದ್ದರು. ಓಣಿಯಾಕೆಯೂ ಅಲ್ಲೇ ಇದ್ದರು.

"ಚಹಾ ಕುಡ್ದು ಹೋಗ್ರಿ" ಎಂದೆ.

"ಬ್ಯಾಡಣ್ಣ, ಮಗ ಹಾದಿ ನೋಡ್ತಾನ. ಅವನ್ನ ಬಚ್ಚಲಿಗೆ ಒಯ್ಯಾಕ ನಾನೇ ಬೇಕು."

ಬಸ್‌ಸ್ಟ್ಯಾಂಡಿನವರೆಗೆ ಜೊತೆಗೆ ನಡೆದೆ. ಹೊಸಪೇಟೆಯ ಬಸ್ಸು ನಿಂತಿತ್ತು. ಆಕೆ ಹತ್ತಿ ಕಿಟಕಿಯ ಪಕ್ಕ ಕುಳಿತರು. ನಾನು ಅಂಗಡಿಯಿಂದ ನೀರಿನ ಬಾಟಲಿ ತರುವಷ್ಟರಲ್ಲಿ ಕಿಟಕಿಯ ಸರಳಿಗೆ ತಲೆಯಾನಿಸಿ ನಿದ್ದೆ ಹೋಗಿದ್ದರು. ಬಾಯಿ ಸ್ವಲ್ಪ ತೆರೆದಿತ್ತು, ಕೈಚೀಲ ಮಡಿಲಿಂದ ಜಾರುತ್ತಿತ್ತು. ಕಿಟಕಿಯಿಂದ ಕೈಹಾಕಿ ಚೀಲ ಸರಿಮಾಡಿ, ಬಾಟಲಿಯನ್ನು ಅದರೊಳಗಿಟ್ಟೆ. ಕಂಡಕ್ಟರ್ ಬಾಗಿಲಲ್ಲಿ ನಿಂತಿದ್ದ.

"ಈಗ ಎಬ್ಬಸಬ್ಯಾಡ್ರಿ ಅವ್ರನ್ನ," ಎಂದೆ. "ಹೊಸಪೇಟ್ಯಾಗ ಎಬ್ಬಸ್ರಿ. ಅಲ್ಲಿಂದ ಕಂಪ್ಲಿ ಬಸ್ ಹಿಡೀಬೇಕು."